ಬೆರಳಗಲದ ಖಾಲಿ ಜಾಗ

ಆಸ್ಪತ್ರೆಯ ಹಾಸಿಗೆಯ ತಲೆದೆಸೆಯಲ್ಲಿ ನಿಲ್ಲಿಸಿರುವ ಮಾನಿಟರನ್ನು ನೋಡದವರು ಇಂದು ವಿರಳ. ಎದೆಬಡಿತ ಹಸಿರು ಗೆರೆಯಾಗಿ, ರಕ್ತದ ಆಮ್ಲಜನಕ ನೀಲಿ ಗೆರೆಯಾಗಿ, ಉಸಿರು ಹಳದಿ ಗೆರೆಯಾಗಿ ಅದರ ಮೇಲೆ ಎಡದಿಂದ ಬಲಕ್ಕೆ ಸಾಗುತ್ತಿರುತ್ತವೆ. ನಮ್ಮವರೊಬ್ಬರು ಮಲಗಿರುವಾಗ ನಾವು ಅವರ ಮುಖಕ್ಕಿಂತ ಹೆಚ್ಚಾಗಿ ಆ ಗೆರೆಗಳನ್ನೇ ನೋಡುತ್ತೇವೆ. ಆದರೆ ಆ ಗೆರೆ ಎಷ್ಟು ದಪ್ಪವಿರಬೇಕು, ಎಷ್ಟು ವೇಗದಲ್ಲಿ ಓಡಬೇಕು, ಬಾಗಿಲಲ್ಲಿ ನಿಂತವರಿಗೂ ಸ್ಪಷ್ಟವಾಗಿ ಕಾಣಬೇಕಾದರೆ ಏನು ಮಾಡಬೇಕು ಎಂದು ಯಾರೋ ಒಬ್ಬರು ಎಲ್ಲೋ ಕುಳಿತು ವರ್ಷಗಟ್ಟಲೆ ತಲೆಕೆಡಿಸಿಕೊಂಡಿರುತ್ತಾರೆ ಎಂಬುದು ನಮಗೆ ಹೊಳೆಯುವುದಿಲ್ಲ. ಉಡುಪಿ, ಕಾಪು, ಕಾರ್ಕಳ ತಾಲೂಕುಗಳ ಸಣ್ಣ ಆಸ್ಪತ್ರೆಗಳ ಮಟ್ಟಿಗೆ ಹಾಗೆ ತಲೆಕೆಡಿಸಿಕೊಂಡವರು ಶ್ರೀ ಹಯಗ್ರೀವ ಉಪಾಧ್ಯರು. ಮಣಿಪಾಲದ ಕೈಗಾರಿಕಾ ಪ್ರದೇಶದ ಪುಟ್ಟ ಕಂಪೆನಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಮಾನಿಟರುಗಳನ್ನು ರೂಪಿಸಿ, ದುರಸ್ತಿ ಮಾಡಿ, ಕಳೆದ ಮಾರ್ಚ್ ತಿಂಗಳಲ್ಲಿ ಅವರು ನಿವೃತ್ತರಾದರು. ಅವರ ಜೊತೆ ದುಡಿದವರೂ ಅವರಿಂದ ಕಲಿತವರೂ ಸೇರಿ ಈ ಸಂಪುಟವನ್ನು ಅವರ ಕೈಗಿಡುತ್ತಿದ್ದಾರೆ.

ಸಂಪುಟಕ್ಕೆ ಅವರು ಒಪ್ಪಿದ್ದು ಸುಲಭದಲ್ಲಲ್ಲ. ಒಪ್ಪಿದಾಗಲೂ ಒಂದು ಷರತ್ತು ಹಾಕಿದರು. ತಮ್ಮ ಕೈಯಿಂದಾದ ಒಂದು ತಪ್ಪನ್ನು ಬಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ ಎಂದರು. ಆದ್ದರಿಂದ ಈ ಲೇಖನ ಬಹುಪಾಲು ಆ ತಪ್ಪಿನ ಬಗ್ಗೆಯೇ ಇದೆ. ಅದನ್ನು ಅವರು ಏನು ಮಾಡಿದರು ಎಂಬುದರಲ್ಲೇ ಅವರ ವ್ಯಕ್ತಿತ್ವ ಕಾಣುತ್ತದೆ ಎಂಬ ನಂಬಿಕೆ ಇದನ್ನು ಬರೆಸಿದೆ.

ಹಯಗ್ರೀವರು ಹುಟ್ಟಿದ್ದು ೧೯೬೫ರಲ್ಲಿ, ಉಡುಪಿಯ ಒಂದು ಪುರೋಹಿತ ಮನೆತನದಲ್ಲಿ. ತಂದೆ ಮಕ್ಕಳಿಗೆ ವೇದಪಾಠ ಹೇಳಿಕೊಡುತ್ತಿದ್ದರು. ಎರಡು ಪದ ಕೂಡುವಲ್ಲಿ ಬಿರುಕು ಕೇಳಬಾರದು, ಸಂಧಿ ಎಲ್ಲಿ ಆಯಿತೆಂದು ಕೇಳುವವನಿಗೆ ತಿಳಿಯಬಾರದು ಎಂಬುದು ಆ ಜಗಲಿಯ ನಿಯಮ. ಹುಡುಗನ ಕಿವಿ ಒಳ್ಳೆಯದಿತ್ತು, ಆದರೆ ಕೈ ರೇಡಿಯೋದ ಕಡೆಗೇ ಹೋಗುತ್ತಿತ್ತು. ತಂದೆ ಅದನ್ನು ಕಂಡು ಬೈಯಲಿಲ್ಲ, ಒಪ್ಪಿಗೆಯನ್ನೂ ಹೇಳಲಿಲ್ಲ. ಡಿಪ್ಲೊಮಾದ ಅರ್ಜಿ ಫಾರಮನ್ನು ಓದಿ ಸಹಿ ಹಾಕಿ ದೇವರ ಕೋಣೆಯ ಹೊಸ್ತಿಲ ಮೇಲಿಟ್ಟು ಹೋದರು. ಎಲೆಕ್ಟ್ರಾನಿಕ್ಸ್ ಮುಗಿಸಿದ ಮಗ ಉಡುಪಿಯಲ್ಲಿ ಟಿ.ವಿ. ರಿಪೇರಿ ಅಂಗಡಿಯೊಂದರಲ್ಲಿ ಕುಳಿತ.

ಅಲ್ಲಿಗೆ ೧೯೯೧ರ ಬೇಸಗೆಯಲ್ಲಿ ಕಾಪುವಿನ ಎಡ್ಮಂಡ್ ಬಂದರು. ಕುವೈತಿನ ಆಸ್ಪತ್ರೆಯೊಂದರಲ್ಲಿ ಉಪಕರಣಗಳ ತಂತ್ರಜ್ಞರಾಗಿದ್ದ ಅವರು ಯುದ್ಧದಿಂದಾಗಿ ಒಂದು ಸೂಟ್‌ಕೇಸಿನೊಂದಿಗೆ ಊರಿಗೆ ಮರಳಿದ್ದರು. ಕೈಯಲ್ಲಿ ಯಾವುದೋ ಆಸ್ಪತ್ರೆಯ ಕೆಟ್ಟುಹೋದ ಮಾನಿಟರ್. ಟಿ.ವಿ. ಬಿಚ್ಚುವವರಿಗೆ ಇದು ಬಿಚ್ಚಲು ಬಾರದೇ ಎಂದು ಕೇಳಿದರು. ಹಯಗ್ರೀವರು ಎರಡು ದಿನದಲ್ಲಿ ಸರಿಪಡಿಸಿ ಕೊಟ್ಟರು. ಮೂರನೆಯ ತಿಂಗಳಲ್ಲಿ ಎಡ್ಮಂಡರ ಹೊಸ ಕಂಪೆನಿಯ ಮೊದಲ ನೌಕರರಾದರು. ಒಬ್ಬರ ಮನೆಯ ಮಾತು ಕೊಂಕಣಿ, ಇನ್ನೊಬ್ಬರದು ತುಳು; ಇಬ್ಬರೂ ತುಳುವಿನಲ್ಲೇ ಕೆಲಸ ಮಾಡಿದರು. ಬೆಳಿಗ್ಗೆ ಒಂಬತ್ತಕ್ಕೆ ಎಡ್ಮಂಡ್ ತಮ್ಮ ಚಹಾದ ಲೋಟವನ್ನು ಹಿಡಿದುಕೊಂಡು ಹಯಗ್ರೀವರ ಮೇಜಿನ ಬಳಿ ಬಂದು ನಿಲ್ಲುವುದು ಮೂವತ್ತು ವರ್ಷ ತಪ್ಪಲಿಲ್ಲ.

ಆಗಿನ ಮಾನಿಟರಿನದು ಗಾಜಿನ ಕೊಳವೆಯ ಪರದೆ. ಒಂದು ಹಸಿರು ಚುಕ್ಕಿ ಎಡದಿಂದ ಬಲಕ್ಕೆ ಕುಣಿಯುತ್ತ ಹೋಗುತ್ತಿತ್ತು, ಹಿಂದೆ ಬಿಟ್ಟುಹೋದ ಗೆರೆ ತಾನಾಗಿ ಮಂಕಾಗಿ ಆರುತ್ತಿತ್ತು. ಹೊಸದು ಉಜ್ವಲ, ಹಳೆಯದು ಮಸುಕು. ಯಾರೂ ಹೇಳಿಕೊಡದೆ ಕಣ್ಣಿಗೆ ಅರ್ಥವಾಗುತ್ತಿತ್ತು. ಮುಂದೆ ಚಪ್ಪಟೆ ಪರದೆಗಳು ಬಂದವು. ಅವುಗಳಲ್ಲಿ ಬರೆದದ್ದು ಅಳಿಸುವವರೆಗೆ ಇರುತ್ತದೆ. ಆ ಪರದೆಗೆ ಮರೆಯುವುದನ್ನು ನಾವೇ ಕಲಿಸಬೇಕು ಎಂದು ಹಯಗ್ರೀವರು ಹೊಸಬರಿಗೆ ಹೇಳುತ್ತಿದ್ದರು. ಹಾಗೆ ಕಲಿಸುವ ರೀತಿ ಇದು: ಹೊಸ ಗೆರೆಯ ತುದಿಗೂ ಅದರ ಮುಂದೆ ಉಳಿದಿರುವ ಹಳೆಯ ಗೆರೆಗೂ ನಡುವೆ ಒಂದು ಕಪ್ಪು ಖಾಲಿ ಜಾಗ ಬಿಡುತ್ತಾರೆ. ಅದು ಹಳೆಯದನ್ನು ಅಳಿಸುತ್ತ ಮುಂದೆ ಸಾಗುತ್ತದೆ. ಆ ಖಾಲಿ ಜಾಗದ ಎಡದಂಚೇ ‘ಈಗ’. ಹಯಗ್ರೀವರ ಮಾನಿಟರುಗಳಲ್ಲಿ ಅದು ಒಂದು ಬೆರಳಿನಷ್ಟು ಅಗಲವಿತ್ತು.

ಅವರ ಕೆಲಸದ ಕ್ರಮವನ್ನು ಇಲ್ಲಿ ನೆನೆಯಬೇಕು. ಹೊಸ ಮಾನಿಟರ್ ಒಂದು ವಾರ್ಡಿಗೆ ಹೋದಾಗಲೆಲ್ಲ ಅವರೂ ಅದರ ಜೊತೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. ನರ್ಸುಗಳು ಪರದೆಯ ಮುಂದೆ ನಿಂತು ನೋಡುವುದಿಲ್ಲ, ಬಾಗಿಲು ದಾಟುತ್ತ ಒಂದು ಕಣ್ಣು ಹಾಯಿಸುತ್ತಾರೆ. ಆ ಒಂದು ನೋಟಕ್ಕೆ ಸಿಕ್ಕದ್ದು ಪರದೆಯ ಮೇಲಿದ್ದೂ ಪ್ರಯೋಜನವಿಲ್ಲ ಎಂಬುದು ಅವರ ಅಭಿಪ್ರಾಯ. ಕಾಪುವಿನ ಒಂದು ಆಸ್ಪತ್ರೆಯಲ್ಲಿ ಸಂಜೆ ನಾಲ್ಕರ ಬಿಸಿಲು ಸಮುದ್ರದ ಕಡೆಯ ಕಿಟಕಿಯಿಂದ ಬಂದು ಗೆರೆಗಳನ್ನೆಲ್ಲ ನುಂಗುತ್ತದೆಂದು ಅವರಿಗೆ ಗೊತ್ತಾದದ್ದು ಹೀಗೆ ಕುಳಿತದ್ದರಿಂದ. ಗೆರೆಯನ್ನು ಸಿಂಗರಿಸುವುದು ಅವರಿಗಾಗದು. ಕ್ಷೀಣವಾದ ನಾಡಿಯನ್ನು ಪರದೆ ತುಂಬುವ ಹಾಗೆ ಹಿಗ್ಗಿಸಿ ತೋರಿಸುವ ಅಭ್ಯಾಸ ಕೆಲವು ಯಂತ್ರಗಳಿಗಿತ್ತು; ನೋಡಲು ಚಂದ, ಆದರೆ ಸೊರಗಿದವನನ್ನು ಪುಷ್ಟನೆಂದು ಹೇಳಿದ ಹಾಗೆ. ತಮ್ಮ ಯಂತ್ರದಲ್ಲಿ ಅದಕ್ಕೆ ಅವರು ಅವಕಾಶ ಕೊಡಲಿಲ್ಲ.

ಹಾಗೆ ಕುಳಿತ ಒಂದು ದಿನ ಫೌಸ್ಟಿನ್ ಎಂಬ ಯುವ ನರ್ಸ್ ಪ್ರತಿ ಸಲವೂ ಪರದೆಯ ಹತ್ತಿರ ಬಂದು ಬಾಗಿ ಓದುವುದನ್ನು ಅವರು ಗಮನಿಸಿದರು. ಕಣ್ಣು ಚುರುಕಾಗಿಯೇ ಇತ್ತು. ಹಸಿರು ಗೆರೆಯನ್ನೂ ರಕ್ತದೊತ್ತಡದ ಕೆಂಪು ಗೆರೆಯನ್ನೂ ಆತ ಬಣ್ಣದಿಂದ ಬೇರೆಮಾಡಲಾರ ಎಂದು ಮಧ್ಯಾಹ್ನದೊಳಗೆ ಅವರಿಗೆ ಅರ್ಥವಾಯಿತು. ಅದನ್ನು ಆತ ಕೆಲಸ ಹೋದೀತೆಂಬ ಭಯದಲ್ಲಿ ಮುಚ್ಚಿಟ್ಟಿದ್ದಾನೆಂಬುದೂ. ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ತಿಂಗಳಿನಿಂದ ಕಂಪೆನಿಯ ಎಲ್ಲ ಮಾನಿಟರುಗಳಲ್ಲಿ ಪ್ರತಿ ಗೆರೆಯ ಆರಂಭದಲ್ಲಿ ಅದರ ಹೆಸರು ದಪ್ಪ ಅಕ್ಷರದಲ್ಲಿ ಬಂತು, ಕೆಂಪು ಗೆರೆ ಹಸಿರಿನ ಎರಡರಷ್ಟು ದಪ್ಪವಾಯಿತು. ಕಾರಣ ಕೇಳಿದ ಎಡ್ಮಂಡರಿಗೆ ವಯಸ್ಸಾದ ವೈದ್ಯರಿಗೆ ಅನುಕೂಲ ಎಂದರು. ಈಗ ಮಸ್ಕತ್ತಿನಲ್ಲಿರುವ ಫೌಸ್ಟಿನ್ ಈ ಸಂಪುಟಕ್ಕೆಂದೇ ಅದನ್ನು ತಿಳಿಸಿ, ತನ್ನ ಹೆಸರು ಹಾಕಬಹುದು ಎಂದಿದ್ದಾರೆ. ಆ ಬದಲಾವಣೆ ತನಗಾಗಿ ಆದದ್ದೆಂದು ಅವರಿಗೆ ಆಗಲೇ ಗೊತ್ತಿತ್ತಂತೆ. ಇಬ್ಬರೂ ಈವರೆಗೆ ಅದರ ಬಗ್ಗೆ ಮಾತಾಡಿಲ್ಲ.

ಇನ್ನು ತಪ್ಪಿನ ವಿಚಾರ.

೨೦೨೧ರಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ, ಸಣ್ಣ ಸಣ್ಣ ಆಸ್ಪತ್ರೆಗಳೂ ಮಾನಿಟರಿಗಾಗಿ ಕಾಯುತ್ತಿದ್ದವು. ಕಂಪೆನಿ ಹೊಸ ಮಾದರಿಯೊಂದನ್ನು ಅವಸರದಲ್ಲಿ ಸಿದ್ಧಪಡಿಸುತ್ತಿತ್ತು. ಹಯಗ್ರೀವರು ವಿನ್ಯಾಸ ವಿಭಾಗದ ಮುಖ್ಯಸ್ಥರು. ಅದರ ಸಾಫ್ಟ್‌ವೇರ್ ಬರೆಯುತ್ತಿದ್ದವರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಎಂಜಿನಿಯರ್ ಮೇಧಾ. ಮಾದರಿಯನ್ನು ನೋಡಲು ಬಂದ ಖರೀದಿದಾರರೊಬ್ಬರು ಆ ಕಪ್ಪು ಪಟ್ಟಿ ಏನು, ಪರದೆ ಅಲ್ಲಿ ಹಾಳಾಗಿದೆಯೇ ಎಂದು ಕೇಳಿದರು. ಪಕ್ಕದಲ್ಲಿ ಹೋಲಿಕೆಗೆಂದು ಇಟ್ಟಿದ್ದ ಬೇರೊಂದು ಯಂತ್ರದಲ್ಲಿ ಗೆರೆ ಎಲ್ಲೂ ತುಂಡಾಗದ ಹಾಗೆ ಹರಿಯುತ್ತಿತ್ತು. ಆ ಮಾತು ಹಯಗ್ರೀವರಿಗೆ ನಾಟಿತು. ಮೊದಲಿನಿಂದಲೂ ಆ ಖಾಲಿ ಜಾಗಕ್ಕೆ ಅವರು ತಮ್ಮ ಕಡತಗಳಲ್ಲಿ ‘ಸಂಧಿ’ ಎಂದೇ ಹೆಸರು ಕೊಟ್ಟಿದ್ದರು. ಹೆಸರು ಹಾಗಿದ್ದ ಮೇಲೆ, ತಂದೆಯ ಜಗಲಿಯಲ್ಲಿ ಕಲಿತದ್ದು ಎದ್ದುಬಂದಿರಬೇಕು. ಬೆರಳಗಲವಿದ್ದದ್ದನ್ನು ಕೂದಲೆಳೆಯಷ್ಟು ಮಾಡುವಂತೆ ಮೇಧಾಗೆ ಹೇಳಿದರು.

ಇಷ್ಟು ಸಣ್ಣದು ಸಾಕಾ ಎಂದು ಮೇಧಾ ಒಮ್ಮೆ ಕೇಳಿದ್ದುಂಟು. “ಸಂಧಿ ಕಾಣಬಾರದು,” ಎಂದರು ಹಯಗ್ರೀವರು.

ವಾರ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತುಕೊಳ್ಳಲು ಆ ವರ್ಷ ಯಾವ ಆಸ್ಪತ್ರೆಯೂ ಬಿಡುವ ಹಾಗಿರಲಿಲ್ಲ. ಆ ಒಂದು ಮಾದರಿ ಮಾತ್ರ ಅವರ ಬಾಗಿಲ ಪರೀಕ್ಷೆ ಆಗದೆ ಹೊರಗೆ ಹೋಯಿತು. ನಲವತ್ತೇಳು ಮಾನಿಟರುಗಳು ಮಾರಾಟವಾದವು. ನೋಡಿದವರೆಲ್ಲ ಹೊಗಳಿದರು.

ಮರುವರ್ಷ ಜುಲೈಯಲ್ಲಿ ಕಾರ್ಕಳದ ಒಂದು ನರ್ಸಿಂಗ್ ಹೋಮಿನಿಂದ ಅಪೊಲೋನಿಯಾ ಫೋನ್ ಮಾಡಿದರು. ನವಜಾತ ಶಿಶುಗಳ ಕೋಣೆಯನ್ನು ನೋಡಿಕೊಳ್ಳುವ ಹಿರಿಯ ನರ್ಸ್ ಅವರು. ಇಪ್ಪತ್ತು ವರ್ಷದ ಪರಿಚಯ. ದೂರು ಏನೂ ಇಲ್ಲ, ಪುರುಸೊತ್ತಾದಾಗ ಒಮ್ಮೆ ಬಂದು ಹೋಗಿ ಎಂದಷ್ಟೇ ಹೇಳಿದರು. ಹಯಗ್ರೀವರು ಆ ದಿನವೇ ಬಸ್ಸು ಹತ್ತಿದರು.

ನಡೆದದ್ದು ಇಷ್ಟು. ಹಿಂದಿನ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಪೊಲೋನಿಯಾ ಬಾಗಿಲಿಂದಲೇ ಪರದೆಯನ್ನು ನೋಡಿದ್ದರು. ತಿಂಗಳು ತುಂಬದೆ ಹುಟ್ಟಿದ ಒಂದು ಹೆಣ್ಣುಮಗು. ಹಳದಿ ಗೆರೆ ತುಂಬ ಉಸಿರಿನ ಅಲೆಗಳು, ಸಾಲಾಗಿ, ಸರಿಯಾಗಿ. ತಿರುಗಿ ಹೋಗಬೇಕೆಂದಿದ್ದವರು ಒಂದು ಬಟ್ಟೆ ತೆಗೆದುಕೊಳ್ಳಲು ಒಳಗೆ ಕಾಲಿಟ್ಟರು. ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಅಂಗಾಲಿಗೆ ಬೆರಳಿನಿಂದ ತಟ್ಟಿದರು, ಮಗು ಉಸಿರೆಳೆಯಿತು. ಉಸಿರು ನಿಂತು ಹದಿನೈದು ಸೆಕೆಂಡು ಆಗಿರಬಹುದು. ಅಲಾರಂ ಕೂಗುವುದು ಇಪ್ಪತ್ತಕ್ಕೆ. ಎದೆಬಡಿತದ ಗೆರೆ ವೇಗವಾಗಿ ಓಡುವುದರಿಂದ ಅದರಲ್ಲಿ ಹಳೆಯದು ಬೇಗ ಅಳಿಸಿಹೋಗುತ್ತದೆ. ಉಸಿರಿನ ಗೆರೆ ನಿಧಾನ. ಮಗು ಉಸಿರು ನಿಲ್ಲಿಸಿದ ಮೇಲೂ ಅದಕ್ಕೆ ಮೊದಲು ತೆಗೆದ ಉಸಿರುಗಳು ಪರದೆಯ ತುಂಬ ಹಾಗೇ ಉಳಿದಿದ್ದವು. ಎಲ್ಲೋ ಒಂದು ಕಡೆ ಸಣ್ಣದೊಂದು ನೇರ ಗೆರೆ ಬೆಳೆಯುತ್ತಿತ್ತು, ಅದು ಎಲ್ಲಿ ಎಂದು ಕಣ್ಣಿಗೆ ತೋರಿಸಬೇಕಾದ ಖಾಲಿ ಜಾಗ ಅಲ್ಲಿರಲಿಲ್ಲ.

ಅಪೊಲೋನಿಯಾ ಹಯಗ್ರೀವರನ್ನು ಬಾಗಿಲ ಬಳಿ ನಿಲ್ಲಿಸಿದರು.

“ಸರ್, ಇಲ್ಲಿಂದಲೇ ನೋಡಿ. ಆ ಹಳದಿ ಗೆರೆಯಲ್ಲಿ ಈಗ ಎಲ್ಲಿ ಉಂಟು, ಬೆರಳು ಮಾಡಿ ತೋರಿಸಿ.”

“ಈಗ ಅಂದರೆ?”

“ಈಗ. ಮಗು ಈಗ ತೆಗೆದ ಉಸಿರು.”

ಹಯಗ್ರೀವರು ಬೆರಳೆತ್ತಿದರು. ಆ ಗೆರೆಯ ದಪ್ಪ, ವೇಗ, ಬಣ್ಣ ಎಲ್ಲವನ್ನೂ ನಿರ್ಧರಿಸಿದ ಬೆರಳು ಅದು. ಎತ್ತಿದ್ದು ಅಲ್ಲೇ ನಿಂತಿತು.

“ನಿಮ್ಮ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ ಸರ್,” ಎಂದರು ಅಪೊಲೋನಿಯಾ, ಅವರ ಮುಖ ನೋಡಿ ಮನಸ್ಸು ಕರಗಿ. “ಹಳೇ ಸುದ್ದಿ ಹೇಳ್ತದೆ ಅಷ್ಟೆ. ನಮ್ಮ ಚರ್ಚಿನ ತಿಂಗಳ ಪತ್ರಿಕೆಯ ಹಾಗೆ.”

ಮಗು ಚೆನ್ನಾಗಿತ್ತು; ಎರಡು ವಾರದಲ್ಲಿ ಮನೆಗೂ ಹೋಯಿತು. ಯಾರಿಗೂ ಏನೂ ಆಗಿರಲಿಲ್ಲ. ಯಾರೂ ಲಿಖಿತ ದೂರು ಕೊಟ್ಟಿರಲಿಲ್ಲ, ಕೊಡುವವರೂ ಇರಲಿಲ್ಲ. ಅಪೊಲೋನಿಯಾ ಮತ್ತು ತಾನು ಸುಮ್ಮನಿದ್ದರೆ ಈ ವಿಷಯ ಇಲ್ಲಿಗೇ ಮುಗಿಯುತ್ತದೆ ಎಂದು ಹಯಗ್ರೀವರಿಗೆ ಕಾರ್ಕಳದ ಬಸ್ ನಿಲ್ದಾಣದಲ್ಲಿ ನಿಂತಾಗ ಸ್ಪಷ್ಟವಾಗಿ ಕಂಡಿತಂತೆ. ಹಾಗೆ ಕಂಡದ್ದನ್ನೂ ಅವರು ಮುಚ್ಚಿಡದೆ ಹೇಳಿದ್ದಾರೆ. ಉಳಿದ ನಲವತ್ತಾರು ಪರದೆಗಳ ಎದುರು ಆ ಹೊತ್ತಿಗೆ ಯಾರು ಯಾರು ಮಲಗಿದ್ದಾರೆ ಎಂದು ಎಣಿಸುತ್ತ ನಿಂತು ಒಂದು ಬಸ್ಸು ತಪ್ಪಿಸಿಕೊಂಡರು.

ಮನೆಯಲ್ಲಿ ಪತ್ನಿ ಪಂಕಜಾ ಅವರಿಗೆ ಹೇಳಿದರು. ಪಂಕಜಾ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕಿ. ಆ ಸಂಜೆ ಎಂಟನೆಯ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದರು. ಗಂಡ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದನ್ನು ಪೂರ್ತಿ ಕೇಳಿ, ಕೆಂಪು ಪೆನ್ನನ್ನು ಕೆಳಗಿಟ್ಟರು.

“ನೀವು ಸಂಧಿ ಅಂತ ಹೆಸರಿಟ್ಟದ್ದು ಸರಿಯೇ. ಆದರೆ ಇದು ಲೋಪಸಂಧಿ ಅಲ್ವಾ? ಎರಡನ್ನು ಸೇರಿಸುವಾಗ ನಡುವಿನ ಒಂದು ಸ್ವರ ಬಿಟ್ಟುಹೋಗ್ತದೆ. ವ್ಯಾಕರಣದಲ್ಲಿ ಬಿಟ್ಟುಹೋದರೆ ಯಾರೂ ಸಾಯುವುದಿಲ್ಲ.”

ಕೊನೆಯ ಮಾತು ಬಾಯಿತಪ್ಪಿ ಬಂದದ್ದು. ಅವರು ಒಡನೆ ಎದ್ದು ಒಳಗೆ ಹೋಗಿ ಊಟಕ್ಕೆ ಬಡಿಸಿದರು. ಕೈತೊಳೆದು ಬಂದ ಹಯಗ್ರೀವರು ಅದೇ ಕಾಗದದ ಹಿಂಬದಿಯಲ್ಲಿ ಪತ್ರವೊಂದನ್ನು ಬರೆಯತೊಡಗಿದರು.

ಮರುದಿನ ಅದನ್ನು ಎಡ್ಮಂಡರ ಮುಂದಿಟ್ಟರು. ಎಡ್ಮಂಡ್ ಕೆಟ್ಟವರಲ್ಲ, ಅವರ ಭಯಕ್ಕೆ ಆಧಾರವಿತ್ತು. ದೊಡ್ಡ ಕಂಪೆನಿಗಳ ನಡುವೆ ಹೇಗೋ ಉಸಿರಾಡಿಕೊಂಡಿದ್ದ ಸಂಸ್ಥೆ, ಇಪ್ಪತ್ತೆರಡು ಮಂದಿ ನೌಕರರು. ಅವರು ಪತ್ರವನ್ನು ಎರಡು ಸಲ ಓದಿದರು.

“ಉಪಾಧ್ಯರೇ, ಯಾರಿಗೆ ಎಂತ ಆಯಿತು? ಮಗು ಚೆನ್ನಾಗಿ ಉಂಟು. ಸರ್ವಿಸಿಗೆ ಹೋಗುವಾಗ ಒಂದೊಂದೇ ಸರಿಮಾಡಿ ಬನ್ನಿ. ಹೇಳುವುದು ಎಂತದಕ್ಕೆ?”

“ನಲವತ್ತೇಳನೆಯದಕ್ಕೆ ನಾನು ಮುಟ್ಟುವಾಗ ವರ್ಷ ಕಳೆದಿರ್ತದೆ. ಅಷ್ಟರವರೆಗೆ ಅವರು ಅದನ್ನೇ ನಂಬಿ ನೋಡ್ತಾ ಇರಬೇಕಲ್ಲ?”

“ಈ ಕಾಗದ ಹೋದರೆ ಕಂಪೆನಿ ಇರುವುದಿಲ್ಲ.”

“ಹಾಗಾದರೆ ಕಂಪೆನಿಯ ಹೆಸರು ಬೇಡ,” ಎಂದರು ಹಯಗ್ರೀವರು. “ನನ್ನ ಹೆಸರು ಹಾಕುವಾ.”

ಆ ಬದಲಾವಣೆಯನ್ನು ಕಡತದಲ್ಲಿ ಮಾಡಿದವರು ಯಾರೆಂದು ಎಡ್ಮಂಡ್ ಕೇಳಿದರು. ಕಡತದಲ್ಲಿ ಮೇಧಾ ಅವರ ಹೆಸರಿತ್ತು, ಮೇಧಾ ಆ ಕೋಣೆಯಲ್ಲೇ ಇದ್ದರು. ಹಯಗ್ರೀವರು ಅವರತ್ತ ತಿರುಗಲೂ ಇಲ್ಲ. ಆಕೆ ಸಾಕಾ ಎಂದು ಕೇಳಿದ್ದಳು, ಸಾಕು ಎಂದದ್ದು ನಾನು ಎಂದರು.

ಪತ್ರ ಹೋಯಿತು. ಅದನ್ನು ಅವರು ಆಡಳಿತದವರಿಗೆ ಬರೆದಿರಲಿಲ್ಲ, ನರ್ಸುಗಳಿಗೆ ಬರೆದಿದ್ದರು. ಮಾನಿಟರಿನ ಪಕ್ಕದಲ್ಲಿ ಅಂಟಿಸಬೇಕೆಂದು ಕೇಳಿಕೊಂಡಿದ್ದರು. ಅದರ ಪಾಠ ಹೀಗಿತ್ತು: “ಈ ಪರದೆಯಲ್ಲಿ ಉಸಿರಿನ ಗೆರೆ ಹಳೆಯದೂ ಹೊಸದೂ ಬೆರೆತು ಕಾಣುತ್ತದೆ. ನಾನು ಬಂದು ಸರಿಪಡಿಸುವವರೆಗೆ ಗೆರೆಯನ್ನು ನಂಬಬೇಡಿ, ದಯವಿಟ್ಟು ರೋಗಿಯ ಎದೆಯನ್ನು ನೋಡಿ. ಇದನ್ನು ಹೀಗೆ ಮಾಡಿದವನು ನಾನು. — ಹಯಗ್ರೀವ ಉಪಾಧ್ಯ.” ಕೆಳಗೆ ಅವರ ಮೊಬೈಲ್ ಸಂಖ್ಯೆ.

ಎಡ್ಮಂಡ್ ಹೆದರಿದ್ದರಲ್ಲಿ ಅರ್ಧ ನಿಜವಾಯಿತು. ಐದು ಆಸ್ಪತ್ರೆಗಳು ಮಾನಿಟರನ್ನು ಹಿಂದಿರುಗಿಸಿದವು, ಕೈಗೆ ಬಂದಿದ್ದ ದೊಡ್ಡ ಬೇಡಿಕೆಯೊಂದು ತಪ್ಪಿತು. ಕಂಪೆನಿ ಉಳಿಯಿತು. ಹಯಗ್ರೀವರನ್ನು ವಿನ್ಯಾಸ ವಿಭಾಗದಿಂದ ತೆಗೆದು ಸರ್ವಿಸಿಗೆ ಹಾಕಲಾಯಿತು, ಅವರ ಜಾಗಕ್ಕೆ ಮೇಧಾ ಬಂದರು. ಮೊದಲ ದಿನ ಆ ಕುರ್ಚಿಯಲ್ಲಿ ಕೂರಲು ಮೇಧಾ ಹಿಂಜರಿದಾಗ, ಅದರ ಒಂದು ಗಾಲಿ ಎಡಕ್ಕೆ ಎಳೆಯುತ್ತದೆ, ನೋಡಿಕೊಂಡು ಕೂರು ಎಂದಷ್ಟೇ ಹೇಳಿ ತಮ್ಮ ಟೂಲ್ ಬ್ಯಾಗನ್ನು ಹೆಗಲಿಗೇರಿಸಿದರು. ಎಡ್ಮಂಡ್ ಮಾತ್ರ ಬೆಳಗಿನ ಚಹಾದ ಲೋಟದೊಂದಿಗೆ ಮತ್ತೆ ಅವರ ಬಳಿ ಬರಲಿಲ್ಲ. ಇಬ್ಬರ ನಡುವೆ ಜಗಳ ಆದದ್ದಿಲ್ಲ. ಎದುರಾದರೆ ತಲೆಯಾಡಿಸುತ್ತಿದ್ದರು. ಮೂವತ್ತು ವರ್ಷದ ಮಾತು ಹಾಗೆ ನಿಂತುಹೋದದ್ದನ್ನು ನಾವೆಲ್ಲ ಕಂಡೆವು. ಇಬ್ಬರೂ ಅದರ ಬಗ್ಗೆ ಯಾರಲ್ಲೂ ಹೇಳಿಕೊಂಡವರಲ್ಲ.

ಮುಂದಿನ ಎರಡೂವರೆ ವರ್ಷ ಹಯಗ್ರೀವರು ಬಸ್ಸಿನಲ್ಲಿ ಕಳೆದರು. ಈ ಮಾನಿಟರುಗಳನ್ನು ಕೂತಲ್ಲಿಂದ ಸರಿಪಡಿಸುವಂತಿಲ್ಲ. ಒಂದೊಂದನ್ನೂ ಬಿಚ್ಚಿ ಹೊಸ ಸರ್ಕ್ಯೂಟ್ ಕಾರ್ಡ್ ಹಾಕಬೇಕು. ಬೆಳ್ಮಣ್‌ನ ಕ್ಲಿನಿಕ್, ಎಲ್ಲೂರಿನ ದಾರಿಯ ಪುಟ್ಟ ಆಸ್ಪತ್ರೆ, ಕಾಪುವಿನ ಎರಡು, ಕಾರ್ಕಳದ ಒಂಬತ್ತು. ಪ್ರತಿ ಕಡೆ ಕಾರ್ಡ್ ಹಾಕಿದ ಮೇಲೆ ಸ್ಟೂಲು ಕೇಳಿ ಬಾಗಿಲಲ್ಲಿ ಒಂದು ಗಂಟೆ ಕೂರುತ್ತಿದ್ದರು. ಕೆಲವರು ಬೈದರು. ಹೆಚ್ಚಿನವರು ಚಹಾ ಕೊಟ್ಟರು. ಹಿಂದಿರುಗಿ ಬಂದಿದ್ದವೂ ಸೇರಿ ನಲವತ್ತಾರು ಮುಗಿಯಿತು.

ನಲವತ್ತೇಳನೆಯದು ಸಿಕ್ಕಲಿಲ್ಲ. ಅದು ಎರಡನೆಯ ಅಲೆಯಲ್ಲಿ ಕಾಪುವಿನ ಕಡೆ ತಾತ್ಕಾಲಿಕವಾಗಿ ತೆರೆದ ಆರೈಕೆ ಕೇಂದ್ರಕ್ಕೆ ಹೋಗಿತ್ತು. ಕೇಂದ್ರ ಮುಚ್ಚಿತ್ತು, ಅವರ ಪತ್ರ ವಿಳಾಸದಾರರಿಲ್ಲವೆಂದು ಮರಳಿತ್ತು. ಸಾಮಾನು ಯಾರು ಯಾರಿಗೆ ಕೊಟ್ಟರೆಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಅಂದರೆ ಎಲ್ಲೋ ಒಂದು ಕಡೆ, ಎಚ್ಚರಿಕೆಯ ಒಂದು ಸಾಲೂ ತಲುಪದೆ, ಆ ಪರದೆಯನ್ನು ಯಾರೋ ನಂಬಿಕೊಂಡಿದ್ದಾರೆ. ನಿವೃತ್ತಿಯ ದಿನ ಹತ್ತಿರವಾಗುತ್ತಿತ್ತು. ಅದು ಕೆಟ್ಟು ಗುಜರಿಗೆ ಹೋಗಿರಬಹುದು ಎಂದು ಸಮಾಧಾನ ಹೇಳಿದವರಿಗೆ, ನಾನು ಮಾಡಿದ್ದು ಅಷ್ಟು ಬೇಗ ಕೆಡುವುದಿಲ್ಲ ಎಂದರು. ಅವರ ಬಾಯಲ್ಲಿ ಜಂಬದ ಹಾಗೆ ಕೇಳಿಸಬಹುದಾದ ಮಾತೆಂದರೆ ಇದೊಂದೇ. ಅದನ್ನು ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ನಿವೃತ್ತಿಗೆ ಮೂರು ವಾರವಿರುವಾಗ ಸುಳಿವು ಸಿಕ್ಕಿತು. ಅಜೆಕಾರಿನಲ್ಲಿ ಫ್ರೆಂಡ್ಸ್ ಸರ್ಕಲ್ ಎಂಬ ಗೆಳೆಯರ ಸಂಘವೊಂದು ಊರಿಗೆಂದು ಆಂಬುಲೆನ್ಸ್ ಓಡಿಸುತ್ತದೆ, ಅದರಲ್ಲಿ ಅಂಥ ಪೆಟ್ಟಿಗೆಯೊಂದು ಉಂಟು ಎಂದು ಔಷಧದ ಅಂಗಡಿಯವರೊಬ್ಬರು ಹೇಳಿದರು. ಹಯಗ್ರೀವರು ಹೋದಾಗ ಮಧ್ಯಾಹ್ನ. ಆಂಬುಲೆನ್ಸ್ ರಿಕ್ಷಾ ನಿಲ್ದಾಣದ ಪಕ್ಕದ ನೆರಳಲ್ಲಿ ನಿಂತಿತ್ತು. ಚಾಲಕ ಶೇಖರ, ಐವತ್ತರ ಆಸುಪಾಸಿನ ಗಟ್ಟಿ ಆಳು, ಹಿಂಬಾಗಿಲು ತೆರೆದು ತೋರಿಸಿದರು.

“ಇದಕ್ಕೆ ಎಂತ ರೋಗ ಮಾರಾಯ್ರೆ? ಚಂದ ಬರ್ತಾ ಉಂಟಲ್ಲ.”

ಹಯಗ್ರೀವರು ಅವರನ್ನೇ ಸ್ಟ್ರೆಚರಿನ ಮೇಲೆ ಮಲಗಿಸಿ, ಎದೆಗೆ ತಂತಿಗಳನ್ನು ಅಂಟಿಸಿ, ಮಾನಿಟರನ್ನು ಹಾಕಿದರು. ಸರ್ಕಲ್ಲಿನ ನಾಲ್ಕೈದು ಮಂದಿ ಬಾಗಿಲ ಬಳಿ ಕೂಡಿದರು. ಪರದೆ ತುಂಬಿದ ಮೇಲೆ ಉಸಿರು ಬಿಗಿಹಿಡಿಯಲು ಹೇಳಿದರು. ಮೊದಲು ಹೆಂಡತಿಗೆ ಒಂದು ಫೋನ್ ಮಾಡಿ ಎಂದು ನಗಿಸಿ ಶೇಖರ ಉಸಿರು ಹಿಡಿದರು. ಹೊರಗಿದ್ದವರು ಪರದೆಯನ್ನೇ ನೋಡುತ್ತಿದ್ದರು. ಹತ್ತು ಎಣಿಸುವಷ್ಟರಲ್ಲಿ ಒಬ್ಬರು ಹೇಳಿದರು, “ಏ ಶೇಖರ, ಮೋಸ ಮಾಡ್ಬೇಡ. ನೀನು ಮೂಗಿನಲ್ಲಿ ಉಸಿರು ಬಿಡ್ತಾ ಇದ್ದಿ. ಇಲ್ಲಿ ಕಾಣ್ತದೆ.”

ಶೇಖರ ಕೆಂಪಾದ ಮುಖದಲ್ಲಿ ಎದ್ದು ಕುಳಿತರು. “ನಾನು ಬಿಡಲಿಲ್ಲ ಮಾರಾಯ.”

ಹಯಗ್ರೀವರು ಪೆಟ್ಟಿಗೆಯನ್ನು ಬಿಚ್ಚಿ ಕಾರ್ಡ್ ಬದಲಿಸಿದರು. ಶೇಖರ ಹೇಳಿಸಿಕೊಳ್ಳದೆಯೇ ಮತ್ತೆ ಮಲಗಿದರು. ಈ ಬಾರಿ ಬೆರಳಗಲದ ಕತ್ತಲೆಯೊಂದು ಹಳದಿ ಅಲೆಗಳನ್ನು ಅಳಿಸುತ್ತ ನಡೆಯಿತು. ಅದರ ಬೆನ್ನಿಗೆ ನೇರವಾದ ಗೆರೆ ಒಂದು ಅಂಗುಲ ಬೆಳೆದದ್ದೇ, ಬಾಗಿಲಲ್ಲಿದ್ದವರೆಲ್ಲ ಒಟ್ಟಿಗೆ ಬಿಡು, ಬಿಡು ಎಂದರು.

ತಂತಿಗಳನ್ನು ತೆಗೆಯುವಾಗ ಶೇಖರ ತಗ್ಗಿದ ದನಿಯಲ್ಲಿ ಕೇಳಿದರು. “ಮೂರೂವರೆ ವರ್ಷ ನಾವು ಇದನ್ನು ನೋಡಿಕೊಂಡೇ ಮಣಿಪಾಲಕ್ಕೆ ಗಾಡಿ ಓಡಿಸಿದ್ದು. ಕೆಲವರು ದಾರಿಯಲ್ಲೇ ಹೋದರು. ಅದರಲ್ಲಿ ಯಾರಾದರೂ, ಇದರಿಂದಾಗಿ...?”

ಹಯಗ್ರೀವರು ಉಪಕರಣಗಳನ್ನು ಚೀಲಕ್ಕೆ ಹಾಕುತ್ತಿದ್ದವರು ನಿಲ್ಲಿಸಿದರು. ಇಲ್ಲ ಎಂದುಬಿಟ್ಟಿದ್ದರೆ ಆ ಮನುಷ್ಯನಿಗೂ ತಮಗೂ ಹಗುರವಾಗುತ್ತಿತ್ತು.

“ಗೊತ್ತಿಲ್ಲ,” ಎಂದರು. “ಅದು ತಿಳಿಯುವ ದಾರಿಯೂ ಇಲ್ಲ. ನಿಮ್ಮದೇನೂ ತಪ್ಪಿಲ್ಲ. ಅಷ್ಟು ಗೊತ್ತುಂಟು.”

ಶೇಖರ ಅವರ ಚೀಲವನ್ನು ಎತ್ತಿಕೊಂಡು ಬಸ್ ನಿಲ್ದಾಣದವರೆಗೆ ಬಂದರು. ಬಸ್ಸಿಗೆ ಹೊತ್ತಿತ್ತು. ಹಯಗ್ರೀವರು ಎಡ್ಮಂಡರಿಗೆ ಫೋನ್ ಮಾಡಿ, ಮುಗಿಯಿತು ಎಂದು ಮಾತ್ರ ಹೇಳಿದರು.

“ಎಲ್ಲಿದ್ದೀರಿ?”

“ಅಜೆಕಾರಿನಲ್ಲಿ.”

“ಬಸ್ಸು ಹತ್ತಬೇಡಿ ಉಪಾಧ್ಯರೇ. ನಾನು ಬರ್ತೇನೆ.”

ಎಪ್ಪತ್ತು ದಾಟಿದ ಎಡ್ಮಂಡ್ ತಾವೇ ಕಾರು ಓಡಿಸಿಕೊಂಡು ಮಣಿಪಾಲದಿಂದ ಬಂದರು. ಹಿಂದಿರುಗುವ ದಾರಿಯಲ್ಲಿ ಏನು ಮಾತಾಡಿದಿರಿ ಎಂದು ಈ ಸಂಪುಟಕ್ಕಾಗಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಲಾಯಿತು. ಏನೂ ಇಲ್ಲ ಎಂದು ಇಬ್ಬರೂ ಹೇಳಿದರು. ದಾರಿಯಲ್ಲಿ ಒಂದು ಕಡೆ ಕಾರು ನಿಲ್ಲಿಸಿ ಚಹಾ ಕುಡಿದೆವು ಎಂದು ಎಡ್ಮಂಡ್ ಸೇರಿಸಿದರು.

ಹಯಗ್ರೀವರು ಈಗ ವಾರಕ್ಕೆರಡು ದಿನ ಕಾರ್ಕಳದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪರದೆಯನ್ನು ಓದುವುದು ಹೇಗೆ, ಪರದೆಯನ್ನು ಬಿಟ್ಟು ರೋಗಿಯನ್ನು ನೋಡುವುದು ಯಾವಾಗ ಎಂದು ಹೇಳಿಕೊಡುತ್ತಿದ್ದಾರೆ. ಮೇಧಾ ಅವರ ಹೊಸ ಮಾದರಿಯನ್ನು ಮೊದಲು ಬಾಗಿಲಿನಿಂದ ನೋಡುವವರೂ ಅವರೇ. ಈ ಕೆಲಸ ಇನ್ನೂ ಬಹುಕಾಲ ಅವರ ಕೈಯಲ್ಲಿರಲಿ. ಅದಕ್ಕೆ ಬೇಕಾದ ಆಯುಷ್ಯವೂ ಕಣ್ಣಿನ ಬೆಳಕೂ ಅವರಿಗಿರಲಿ, ಪಂಕಜಾ ಅವರ ಜೊತೆಗಿನ ದಿನಗಳು ನೆಮ್ಮದಿಯಿಂದ ಸಾಗಲಿ. ಗೊತ್ತಿಲ್ಲ ಎಂದು ಹೇಳಿ ಬಂದ ಆ ಮಧ್ಯಾಹ್ನ ಅವರನ್ನು ಬಿಟ್ಟುಹೋಗುತ್ತದೆಂದು ಹಾರೈಸಿದರೆ ಅವರು ಒಪ್ಪಲಾರರು. ಅದರ ಭಾರವನ್ನು ಹೊರುವಾಗ ಅವರು ಒಬ್ಬರೇ ಅಲ್ಲವೆಂದು, ಆ ಮಾನಿಟರುಗಳಿರುವ ಬಾಗಿಲುಗಳಲ್ಲಿ ಈಗ ನಿಲ್ಲುವವರೆಲ್ಲರ ಪರವಾಗಿ, ತಿಳಿಸಬಯಸುತ್ತೇವೆ.